ಆಯಿಯ ಕೈಗೆ ಸುತ್ತಿದ ಪಟ್ಟಿ

ಆಗೆಲ್ಲ ನಮ್ಮ ಕಡೆ ಆಷಾಢ ಬಂತೆಂದರೆ ಮಳೆಗಿಂತ ಗಾಳಿಯದೇ ದರ್ಬಾರು. ಹಿತ್ತಲಲ್ಲಿ ಒಣಹಾಕಿದ ಲಂಗ ಪಕ್ಕದ ಮನೆಯ ಬೇವಿನ ಮರದಲ್ಲಿ ಸಿಗುತ್ತಿತ್ತು. ಇಂಥ ಗಾಳಿಯ ಊರಿಗೆ ನಮ್ಮಪ್ಪ ಎಲ್ಲಿಂದಲೋ ಒಂದು ಮುದಿ ಕಾರು ತಂದಿದ್ದರು. ತೊಂಬತ್ತರ ದಶಕದಲ್ಲೇ ಅದನ್ನು ಕಂಡರೆ ಜನ ನಗುತ್ತಿದ್ದರು. ಅದರ ಮುಂದಿನ ಬಾಗಿಲುಗಳು ಉಳಿದ ಕಾರುಗಳಿಗೆ ತದ್ವಿರುದ್ಧ: ಕೀಲು ಹಿಂದೆ, ಹಿಡಿಕೆ ಮುಂದೆ. ಎದುರುಗಾಳಿಯಲ್ಲಿ ಹಿಡಿಕೆ ತಿರುಗಿಸಿದಿರೋ, ಬಾಗಿಲು ಕೈ ಕಿತ್ತುಕೊಂಡು ಹಿಂದಕ್ಕೆ ಹಾರುತ್ತಿತ್ತು.

ಅದಕ್ಕೇ ಅಪ್ಪ ಬಾಗಿಲ ಒಳಗೆ, ಹಿಡಿಕೆಯ ಪಕ್ಕ, ಆಯಿಯ ಹಳೆಯ ಇಳಕಲ್ ಸೀರೆಯ ದಡಿಯಿಂದ ಒಂದು ಪಟ್ಟಿ ಹೊಲಿಸಿ ಬಿಗಿಸಿದ್ದರು. ಆಯಿ ಎಂದರೆ ಅಪ್ಪನ ತಾಯಿ. ಕಾರನ್ನು ಗಾಳಿಗೆ ಬೆನ್ನು ಮಾಡಿ ನಿಲ್ಲಿಸಬೇಕು, ಪಟ್ಟಿ ಹಿಡಿದೇ ಹಿಡಿಕೆ ತಿರುಗಿಸಬೇಕು, ಒಂದು ಗೇಣು ತೆರೆದು ಗಾಳಿಯ ಸೊಕ್ಕು ನೋಡಬೇಕು. ಇದು ನಮ್ಮ ಮನೆಯ ಕಾಯಿದೆ.

“ಪಟ್ಟಿ ಮುಟಗ್ಯಾಗ ಹಿಡೀಬೇಕು, ಕೈಗೆ ಸುತ್ತಬಾರ್ದು. ಸುತ್ತಿದ್ರ ಬಾಗಲಾ ನಿನ್ನೂ ಕರ್ಕೊಂಡ ಹೋಗ್ತೈತಿ,” ಎಂದು ಅಪ್ಪ ನೂರು ಸಲ ಹೇಳಿದ್ದರು. ಹತ್ತು ವರ್ಷದ ನಾನು ಈ ಕಾಯಿದೆಗೆ ಫೌಜದಾರಳು. ಓಣಿಯ ಹುಡುಗಿಯರನ್ನು ನಿಂತ ಕಾರಿನಲ್ಲಿ ಕೂರಿಸಿ, ಬಾಗಿಲು ತೆರೆಯುವ ಪರೀಕ್ಷೆ ಮಾಡುತ್ತಿದ್ದೆ.

ಆ ವರ್ಷ ಘಟಪ್ರಭಾದ ಆಸ್ಪತ್ರೆಯಲ್ಲಿ ಆಯಿಯ ಕಣ್ಣಿನ ಆಪರೇಶನ್ ಆಯಿತು. ಇನ್ನೊಂದು ಕಣ್ಣು ಎಂದೋ ಹೋಗಿತ್ತು, ಇದೊಂದೇ ಉಳಿದಿದ್ದು. ಅಪ್ಪ ಬಟ್ಟೆ ವ್ಯಾಪಾರಕ್ಕೆಂದು ಮೂಡಲಗಿಗೆ ಹೋಗಿದ್ದರು. ಹಾಗಾಗಿ ಆಯಿಯನ್ನು ಕರೆತರಲು ಅಪ್ಪನ ತಮ್ಮ, ನಮ್ಮ ಕಾಕಾ, ಕಾರು ತೆಗೆದ. ಅವನು ಜೀಪು ಓಡಿಸಿ ಪಳಗಿದವ, ಈ ಕಾರಿನ ತಿಕ್ಕಲು ಅವನಿಗೆ ಗೊತ್ತಿರಲಿಲ್ಲ. ನಾನು ಊಟದ ಡಬ್ಬಿ ಹಿಡಿದು ಹಿಂದೆ ಕೂತೆ.

“ತಲಿ ಬಗ್ಗಸಬ್ಯಾಡ್ರಿ. ಏನರ ಪೆಟ್ಟ ಬಿತ್ತಂದ್ರ ಕಣ್ಣ ಹೋಗ್ತೈತ್ರಿ ಆಯೀ,” ಎಂದರು ಡಾಕ್ಟರು. ಸಂಜೆಯ ಗುಳಿಗೆ ಖಾಲಿ ಹೊಟ್ಟೆಗೆ ಕೂಡದೆಂದೂ ಹೇಳಿದರು.

ಆಯಿ ಎಂದೂ ಆ ಕಾರಿನ ಮುಂದೆ ಕೂತವಳಲ್ಲ. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿದ್ದ ಅವಳನ್ನು ಮುಂದಿನ ಸೀಟಿಗೆ ಹತ್ತಿಸಿ, ನಾನು ಜಂಬದಿಂದ ಬಾಗಿಲಿನ ಪಾಠ ಶುರು ಮಾಡಿದೆ. ಅವಳಿಗೆ ಬೇಗ ತಿಳಿಯಲಿ ಎಂದು, “ಎಮ್ಮಿ ಹಗ್ಗ ಹಿಡಿದಂಗ ಹಿಡಿ ಆಯಿ,” ಎಂದುಬಿಟ್ಟೆ. ಜೀವಮಾನವಿಡೀ ಎಮ್ಮೆ ಕಾಯ್ದವಳು. ಎಮ್ಮೆ ಹಗ್ಗವನ್ನು ಯಾರಾದರೂ ಮುಷ್ಟಿಯಲ್ಲಿ ಹಿಡಿಯುತ್ತಾರೆಯೇ? ಮಣಿಕಟ್ಟಿಗೆ ಎರಡು ಸುತ್ತು ಹಾಕಿಯೇ ಹಿಡಿಯುವುದು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬಿಡುಗಡೆಯ ಚೀಟಿ ಸಿಗುವಾಗಲೇ ತಡವಾಗಿತ್ತು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಆಯಿ ಒಂದು ತುತ್ತೂ ಮುಟ್ಟುವವಳಲ್ಲ. ಆಸ್ಪತ್ರೆಯ ಊಟ ಒಲ್ಲೆನೆಂದು ಬೆಳಿಗ್ಗೆಯಿಂದ ಬರೀ ಮಜ್ಜಿಗೆಯಲ್ಲಿದ್ದಳು. ಹುಕ್ಕೇರಿ ದಾಟಿದೆವು. ಹತ್ತರಗಿ ಹತ್ತಿರದ ನಮ್ಮೂರು ಇನ್ನೂ ದೂರವಿತ್ತು. ಮೋಡದಲ್ಲಿ ಸೂರ್ಯನ ಸುಳಿವೇ ಇಲ್ಲ.

“ಹೊತ್ತು ಎಷ್ಟ ಐತೋ?” ಆಯಿ ಕೇಳಿದಳು.

ಕಾಕಾ ಗಡಿಯಾರ ನೋಡಿದ. “ಮುಳಗಾಕ ಇನ್ನ ಹತ್ತ ಮಿನಿಟ ಐತಿ ನೋಡವ್ವಾ.”

“ನಿಲ್ಸ ಮತ್ತ. ಕೈಕಾಲ ತೊಳಕೊಂಡ ಉಣ್ತೇನಿ.”

ಅವನು ಬಯಲು ದಿಬ್ಬದ ಮೇಲೆ ಗಕ್ಕನೆ ನಿಲ್ಲಿಸಿದ. ಗಾಳಿಗೆ ಮುಖ ಮಾಡಿ! “ಕಾಕಾ, ಕಾರ ಹೊಳ್ಳಸ, ಗಾಳಿ ಎದರಿಗೈತಿ!” ಎಂದೆ.

“ಹೊತ್ತು ಮುಳಗಾಕತ್ತೈತಿ, ನಡುವ ನಿಂದೊಂದು ಶಾಣ್ಯಾತನ,” ಎನ್ನುತ್ತ ಅವನು ಇಳಿದ. ಅವನ ಬಾಗಿಲೇ ಫಟಾರೆಂದು ಹಾರಿತು. ಎರಡೂ ಕೈಯಿಂದ ಅದನ್ನು ನೂಕಿ ಮುಚ್ಚಿ, ನೀರಿನ ಕ್ಯಾನ್ ತೆಗೆಯಲು ಡಿಕ್ಕಿಯ ಕಡೆ ಹೋದ.

ಆಯಿಯ ಕೈ ಆಗಲೇ ಪಟ್ಟಿಯ ಮೇಲಿತ್ತು. ಮಣಿಕಟ್ಟಿಗೆ ಎರಡು ಸುತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಡಿಕೆ ಟಕ್ ಎಂದಿತು.

ಬಾಗಿಲು ಹೋಯಿತು, ಅದರ ಜೊತೆ ಆಯಿಯೂ. ನಾನು ಡಬ್ಬಿಯನ್ನು ಸೀಟಿನ ಮೇಲೆ ಬಿಟ್ಟು ಹಿಂದಿನಿಂದ ಅವಳ ನಡು ತಬ್ಬಿದೆ. ಅರ್ಧ ಮೈ ಹೊರಗೆ. ಕೆಳಗೆ ರಸ್ತೆ ರಿಪೇರಿಗೆ ಸುರಿದ ಕಡಿಗಲ್ಲಿನ ರಾಶಿ, ಅದರ ನೇರಕ್ಕೆ ಆ ಹಸಿರು ಬಟ್ಟೆಯ ಕಣ್ಣು. ಗಾಳಿ ಪಟ್ಟಿಯನ್ನು ಅತ್ತ ಜಗ್ಗುತ್ತಿತ್ತು, ನಾನು ಇತ್ತ ಜಗ್ಗುತ್ತಿದ್ದೆ. “ಕಾಕಾ!” ಎಂದು ಕಿರುಚಿದ್ದು ನನಗೇ ಕೇಳಲಿಲ್ಲ. ತೋಳು ಜಾರತೊಡಗಿತು. ಆಯಿ ಸತ್ತರೂ ಸರಿ, ಕಣ್ಣು ಹೋಗದಿರಲಿ ಎಂದು ಅಂದುಕೊಂಡೆ. ಎಂಥ ಹುಚ್ಚು ಪ್ರಾರ್ಥನೆ!

ಕಾಕಾ ಓಡಿಬಂದು ಬೆನ್ನು ಕೊಟ್ಟು ಬಾಗಿಲು ತಳ್ಳಿದ. ಸುತ್ತು ಬಿಚ್ಚಿದಾಗ ಅವಳ ಬಳೆ ಒಡೆದು ಮಣಿಕಟ್ಟಿನಿಂದ ರಕ್ತ ಬರುತ್ತಿತ್ತು. ಕಣ್ಣಿನ ಬಟ್ಟೆ ಇದ್ದ ಜಾಗದಲ್ಲೇ ಇತ್ತು.

ಆಯಿ ಉಸಿರು ತಿರುಗಿಸಿಕೊಂಡು ಕೇಳಿದ ಮೊದಲ ಮಾತು, “ಹೊತ್ತು ಮುಳಗಿತೇನು?”

ಕಾಕಾ ಗಡಿಯಾರವನ್ನು ನನ್ನತ್ತ ತಿರುಗಿಸಿದ. ಹತ್ತು ಮಿನಿಟು ಯಾವಾಗಲೋ ಕಳೆದಿತ್ತು. “ಇನ್ನ ಐತವ್ವಾ,” ಎಂದ.

“ನೀ ಸುಳ್ಳ ಹೇಳಾವ. ಪದ್ದಿ, ನೀ ಹೇಳು.”

ಗುಳಿಗೆ ಖಾಲಿ ಹೊಟ್ಟೆಗೆ ಕೂಡದು. “ಐತಿ ಆಯಿ. ಲಗೂನ ಉಣ್ಣು,” ಎಂದೆ.

ಅವಳು ಕೂತಲ್ಲೇ ಕೈ ಮುಂದೆ ಮಾಡಿದಳು. ಕಾಕಾ ನೀರು ಹಾಕಿದ. ನಾನು ಚಪಾತಿಯನ್ನು ಮೊಸರಿನಲ್ಲಿ ಅದ್ದಿ ಒಂದೊಂದೇ ತುತ್ತು ಕೊಟ್ಟೆ. ಎರಡು ಚಪಾತಿ ಉಂಡು, ಗುಳಿಗೆ ನುಂಗಿದಳು.

ಕಣ್ಣು ಉಳಿಯಿತು. ಬಟ್ಟೆ ಬಿಚ್ಚಿದ ದಿನ ನನ್ನನ್ನು ನೋಡಿ, “ಎಷ್ಟ ಒಣಗೀದಿ ಪದ್ದಿ,” ಎಂದು ಬೈದಳು. ಆಮೇಲೆ ನೋಡಲು ಬಂದವರಿಗೆಲ್ಲ, “ಅವತ್ತ ಈಕಿನ ನನಗ ಕಣ್ಣ ಆಗಿದ್ಲು. ಇಲ್ಲಂದ್ರ ನನ್ನ ನೇಮ ಮುರೀತಿತ್ರಿ,” ಎನ್ನುತ್ತಿದ್ದಳು. ಆ ಮಾತು ಬಂದಾಗಲೆಲ್ಲ ನಾನು ನೀರು ತರುವ ನೆಪ ಹೇಳಿ ಒಳಗೆ ಹೋಗುತ್ತಿದ್ದೆ. ಅವಳು ಇರುವ ತನಕ ನಿಜ ಹೇಳಲಾಗಲಿಲ್ಲ.

ಈಗಿನ ನಮ್ಮ ಕಾರಿನ ಬಾಗಿಲಿಗೆ ಕೀಲು ಮುಂದಿದೆ, ಹಿಡಿಕೆ ಬೆರಳಿಗೇ ಬಗ್ಗುತ್ತದೆ. ಆ ದಿಬ್ಬದ ಮೇಲೆ ನಿಲ್ಲಿಸಿದಾಗ ನಾನು “ಒಂದು ಗೇಣು ತೆರೀರಿ, ಗಾಳಿ ನೋಡ್ರಿ” ಎಂದು ಕೂಗುತ್ತೇನೆ, ಮಕ್ಕಳು ನಗುತ್ತಾರೆ. ನಗಲಿ. ಆ ಮುದಿ ಕಾರು ಹೋಯಿತೆಂಬ ದುಃಖ ನನಗಿಲ್ಲ. ಕಣ್ಣು ಕಟ್ಟಿಕೊಂಡು, ನನ್ನ ಒಂದು ಮಾತಿನ ಮೇಲೆ ಜೀವಮಾನದ ನೇಮವನ್ನೇ ಇಟ್ಟು ಉಂಡವಳು ಇಲ್ಲವಲ್ಲ, ಅದೇ ಸಂಕಟ. ಈಗ ಹೊತ್ತು ಎಷ್ಟಾಯಿತೆಂದು ಕೇಳಿದವರಿಗೆ ನಾನು ಹೇಳಿದರೂ, ಅವರು ಇನ್ನೊಮ್ಮೆ ಫೋನು ನೋಡಿಕೊಳ್ಳುತ್ತಾರೆ.