ಕುರಿ ಕಾಯದ ಹೆಂಗಸರು

ಎಂ.ಡಿ. ಓದುವಾಗ ನನ್ನ ಪ್ರಬಂಧದ ವಿಷಯ ಕುರಿಯಿಂದ ಮನುಷ್ಯರಿಗೆ ತಗಲುವ ಒಂದು ಜ್ವರ. ಬ್ರುಸೆಲ್ಲೋಸಿಸ್ ಅಂತ ಅದರ ಹೆಸರು. ಸಂಜೆಗೆ ಮೈ ಕಾಯುತ್ತದೆ, ಬೆವರುತ್ತದೆ, ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಇಳಿಯುತ್ತದೆ. ಸೊಂಟ, ಕೀಲು ಹಿಡಿದುಕೊಳ್ಳುತ್ತವೆ. ತಿಂಗಳುಗಟ್ಟಲೆ ಹೀಗೇ ನಡೆದರೂ ಜನ ದಣಿವು ಅಂದುಕೊಂಡು ಸುಮ್ಮನಿರುತ್ತಾರೆ. ಔರಾದ ತಾಲೂಕಿನ ಕುರಿ ಸಾಕುವ ಮನೆಗಳಲ್ಲಿ ಇದು ಎಷ್ಟು ಜನರಿಗಿದೆ ಎಂದು ನೋಡಬೇಕಿತ್ತು.

ನಾನೂ ಹಳ್ಳಿಯವಳೇ, ಭಾತಂಬ್ರಾದವಳು. ಹಳ್ಳಿ ಗೊತ್ತು ಎಂಬ ಜಂಬ ನನಗಿತ್ತು. ಪ್ರಶ್ನೆಗಳ ಪಟ್ಟಿಯನ್ನು ಮೈಲೂರು ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಕೂತು ನಾನೇ ಬರೆದೆ. ಮೊದಲ ಪ್ರಶ್ನೆ, ‘ನೀವು ಕುರಿ ಕಾಯುತ್ತೀರಾ?’ ಹೌದು ಅಂದವರ ರಕ್ತ ತೆಗೆಯುವುದು, ಇಲ್ಲ ಅಂದವರನ್ನು ಬಿಡುವುದು. ಗಂಡಸರು ಹೌದು ಅನ್ನುತ್ತಿದ್ದರು, ಹೆಂಗಸರು ಇಲ್ಲ ಅನ್ನುತ್ತಿದ್ದರು. ಕೆಲಸ ಬೇಗ ಮುಗಿಯುತ್ತಿತ್ತು. ಖುಷಿಯಾಗಿದ್ದೆ.

ಆ ದಿನ ಸಂತಪುರದಲ್ಲಿ ಬಸ್ಸಿಳಿದು ಊರಾಚೆಯ ಒಂದು ಮನೆಗೆ ಹೋಗಿದ್ದೆ. ಗಂಡ ಹೆಂಡತಿ ಇಬ್ಬರೇ ಇದ್ದರು, ಇಬ್ಬರಿಗೂ ಐವತ್ತರ ಆಸುಪಾಸು. ಹೆಂಡತಿ ‘ಇಲ್ರಿ’ ಅಂದಳು, ಬರೆದುಕೊಂಡೆ. ಗಂಡನ ತೋಳಿಗೆ ಪಟ್ಟಿ ಬಿಗಿದು ಸೂಜಿ ಹಾಕುವಾಗ ಹಟ್ಟಿಯಲ್ಲಿ ಒಂದು ಕುರಿ ಒರಲತೊಡಗಿತು. ಆಕೆ ಎದ್ದು ಹೋದಳು. ಮೊಣಕೈವರೆಗೆ ಎಣ್ಣೆ ಸವರಿಕೊಂಡು, ಕುರಿಯನ್ನು ಮಗ್ಗುಲಿಗೆ ಮಲಗಿಸಿ, ಕೈ ಒಳಗೆ ಹಾಕಿ, ಕಣ್ಣು ಮುಚ್ಚಿ ಏನನ್ನೋ ಹುಡುಕಿದಳು. ಸ್ವಲ್ಪ ಹೊತ್ತಿಗೆ ಮರಿಯ ಎರಡೂ ಮುಂಗಾಲು ಹೊರಬಂದವು, ಆಮೇಲೆ ಮರಿ. ಅದರ ಮೂಗನ್ನು ಬರಿಗೈಯಲ್ಲೇ ಒರೆಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಈ ಜ್ವರ ಮುಖ್ಯವಾಗಿ ತಗಲುವುದೇ ಹಾಗೆ, ಕುರಿ ಈಯುವಾಗಿನ ನೀರು, ರಕ್ತ ಬರಿಗೈಗೆ ತಾಗಿ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ನನ್ನ ಮಡಿಲಲ್ಲಿದ್ದ ಹಾಳೆಯ ಮೇಲೆ ಆಕೆಯ ಹೆಸರಿನ ಮುಂದೆ ‘ಇಲ್ಲ’ ಎಂದಿತ್ತು.

“ಇದೆಲ್ಲಾ ಯಾವಾಗಿನಿಂದ ಮಾಡ್ತೀರಿ, ಅಕ್ಕಾ?”

“ಲಗ್ನ ಆಗಿ ಬಂದಾಗಿಂದ್ರಿ.”

“ಮತ್ತ ಕೇಳಿದಾಗ ಇಲ್ಲ ಅಂದ್ರಲ್ಲ?”

“ನೀವು ಕುರಿ ಕಾಯ್ತೀರೇನು ಅಂತ ಕೇಳಿದ್ರಿ. ಕಾಯೋರು ಅವ್ರು. ಹಡಸಾಕಿ ನಾನು. ಅದು ನೀವು ಕೇಳ್ಲೇ ಇಲ್ಲಲ್ರಿ?”

ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ನನಗೇ ಮುಖ ಬಿಸಿಯಾಯಿತು. ಜ್ವರದ ಮಾತು ತೆಗೆದೆ. ಮಳೆಗಾಲದಿಂದ ದಿನಾ ಸಂಜಿಗೆ ಉರಿ ಬರ್ತದ, ಸೊಂಟ ಏಳಗೊಡೂದಿಲ್ಲ ಅಂದಳು. ಅಧ್ಯಯನದ ಲೆಕ್ಕಕ್ಕೆ ಆಕೆ ಬರುವಂತಿರಲಿಲ್ಲ. ಆದರೆ ನಾನು ಡಾಕ್ಟರೂ ಹೌದಲ್ಲ. ಆಕೆಯ ಒಪ್ಪಿಗೆ ಕೇಳಿ ರೋಗಿಯೆಂದೇ ರಕ್ತ ತೆಗೆದುಕೊಂಡೆ.

ಕಾಲೇಜಿನ ಲ್ಯಾಬಿನಿಂದ ಬಂದ ವರದಿಯಲ್ಲಿ ಗಂಡನಿಗೆ ಏನೂ ಇರಲಿಲ್ಲ. ಆಕೆಗೆ ಇತ್ತು.

ನಮ್ಮ ಗೈಡ್ ಮೇಡಂ ಮುಂದೆ ಹಾಳೆ ಇಟ್ಟು ಎಲ್ಲ ಹೇಳಿದೆ. ಅವರು ಪ್ರಶ್ನೆಗಳ ಪಟ್ಟಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು.

“ಪಟ್ಟಿ ನಾನೂ ನೋಡಿ ಸಹಿ ಹಾಕಿದ್ದೆ. ನನಗೂ ಹೊಳೀಲಿಲ್ಲ ನೋಡು” ಅಂದರು. “ಪ್ರಶ್ನೆ ಬದಲಿಸಬೇಕಂದ್ರ ಮತ್ತ ಸಂಶೋಧನೆಗೆ ಒಪ್ಪಿಗಿ ಕೊಡೋ ನೈತಿಕ ಸಮಿತಿ ಮುಂದ ಹೋಗಬೇಕು. ಮುಗಿಸಿದ ಮನಿಗೆಲ್ಲಾ ಮತ್ತ ಹೋಗಬೇಕು. ನಿನ್ನ ಪರೀಕ್ಷಾ ಮುಂದ ಹೋಗ್ತದ. ಯೋಚನೆ ಮಾಡು.”

ಎರಡು ದಿನ ಯೋಚಿಸಿದೆ. ನಿಜ ಹೇಳಬೇಕೆಂದರೆ, ಇದ್ದದ್ದನ್ನೇ ಬರೆದು ಮುಗಿಸಿಬಿಡೋಣ ಅಂತಲೂ ಅನ್ನಿಸಿತು. ಮೂರನೆಯ ದಿನ ಹೊಸ ಪಟ್ಟಿ ಬರೆದುಕೊಂಡು ಮೇಡಂ ಬಳಿ ಹೋದೆ. ಈ ಸಲ ‘ಕುರಿ ಈಯುವಾಗ ಕೈ ಹಾಕುವವರು ಯಾರು? ಈದ ಮೇಲೆ ಬೀಳುವ ಕಸ ಎತ್ತುವವರು ಯಾರು? ಹಾಲು ಹಿಂಡುವವರು ಯಾರು?’ ಎಂದು ಕೇಳಿದ್ದೆ. ಮೇಡಂ ಅದರ ಕೆಳಗೆ ತಮ್ಮ ಕೈಯಾರೆ ಇನ್ನೊಂದು ಸೇರಿಸಿದರು, ‘ಸತ್ತು ಹುಟ್ಟಿದ ಮರಿಯನ್ನು ಹೂಳುವವರು ಯಾರು?’

ಕುರಿ ಹಡಿಸಿದ ಆಕೆಗೆ ಆರು ವಾರದ ಮಾತ್ರೆ. ನಾನೇ ಸಂತಪುರಕ್ಕೆ ಒಯ್ದು ಕೊಟ್ಟು, ಹ್ಯಾಂಗ ನುಂಗಬೇಕು ಅಂತ ಹೇಳಿ ಬಂದೆ. ಮೂರನೆಯ ದಿನ ಫೋನು ಬಂತು.

“ಡಾಕ್ಟರ್ ಬಾಯಿ, ಒಂದಕ್ಕ ಹ್ವಾದ್ರ ಕೆಂಪಗ ಬರ್ಲಿಕತ್ತದ. ರಗತ ಹೊಂಟದೇನ್ರಿ? ಗುಳಿಗಿ ಬಿಟ್ಟೇನಿ.”

ಆ ಮಾತ್ರೆಗೆ ಮೂತ್ರದ ಬಣ್ಣ ಬದಲಾಗುತ್ತದೆಂದು ಹೇಳಲು ಮರೆತಿದ್ದೆ. ಅದು ಗುಳಿಗಿ ಬಣ್ಣ, ರಗತ ಅಲ್ಲ ಅಂತ ಎಷ್ಟು ಹೇಳಿದರೂ ಆಕೆಗೆ ನಂಬಿಕೆ ಬರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹೋಗಿ, ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಕೆಂಪು ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕದಡಿ ತೋರಿಸಿದೆ. ಆಕೆ ಲೋಟವನ್ನು ಬಿಸಿಲಿಗೆ ಹಿಡಿದು ನೋಡಿ, ಮೊದಲ ಬಾರಿಗೆ ನಕ್ಕಳು. “ಮೊದಲೇ ಹೇಳಬಾರದೇನ್ರಿ?”

ಪೂರ್ತಿ ಆರು ವಾರ ನುಂಗಿದಳು. ಉರಿ ನಿಂತಿತು, ಸೊಂಟ ಹಗುರಾಯಿತು. ಅಷ್ಟರೊಳಗೆ ಸಮಿತಿಯ ಒಪ್ಪಿಗೆಯೂ ಬಂದಿತ್ತು. ಹಿಂದೆ ಬಿಟ್ಟು ಹೋಗಿದ್ದ ಬಾಗಿಲುಗಳನ್ನು ಮತ್ತೆ ತಟ್ಟಿದೆ. ಕೆಲವು ಮನೆಗಳಿಗೆ ಆಕೆಯೇ ನನ್ನ ಜೊತೆ ಬಂದು, “ಖರೇ ಹೇಳವ್ವ, ನಿಂಗೂ ಸಂಜಿಗೆ ಮೈ ಕಾಯ್ತದಲ್ಲ?” ಅಂತ ನನಗಿಂತ ಮೊದಲು ಕೇಳಿಬಿಡುತ್ತಿದ್ದಳು. ಇನ್ನೂ ಹಲವು ಹೆಂಗಸರಲ್ಲಿ ಆ ಜ್ವರ ಸಿಕ್ಕಿತು, ಅವರಿಗೂ ಔಷಧಿ ಶುರುವಾಯಿತು. ನನ್ನ ಪರೀಕ್ಷೆ ಒಂದು ಅವಧಿ ಮುಂದಕ್ಕೆ ಹೋಯಿತು.

ಕೊನೆಯ ಸಲ ಹೋದಾಗ ಉದ್ದನೆಯ ದಪ್ಪ ರಬ್ಬರ್ ಕೈಗವಸು ಒಯ್ದಿದ್ದೆ. ಆಕೆ ತೊಟ್ಟು ನೋಡಿ ತೆಗೆದಿಟ್ಟಳು. “ಇದ್ರಾಗ ಕಾಲ್ ಯಾವ್ದು, ತಲಿ ಯಾವ್ದು ತಿಳೀವಲ್ದು. ಮರಿ ಸಾಯ್ತದ್ರಿ. ತೆಳ್ಳಗಿಂದು ಇದ್ರ ಕೊಡ್ರಿ.”

ಬ್ಯಾಗಿನಲ್ಲಿ ಆಸ್ಪತ್ರೆಯ ತೆಳು ಕೈಗವಸುಗಳಿದ್ದವು. ಒಂದು ಜೊತೆ ಕೊಟ್ಟೆ. ಆಕೆ ತೊಟ್ಟು, ಬೆರಳು ಮಡಚಿ ಬಿಚ್ಚಿ, ಪಕ್ಕದಲ್ಲಿದ್ದ ಮರಿಯ ಮೊಣಕಾಲನ್ನು ಮುಟ್ಟಿ ನೋಡಿದಳು. “ಹಾಂ, ಇದು ನಡೀತದ” ಅಂದಳು.