ದಾಕ್ಷಾಯಣಿಯವರ ಗಂಡಭೇರುಂಡ

ಪರ್ತ್‌ನಲ್ಲಿ ದಾಕ್ಷಾಯಣಿಯವರು ನಂಬುವ ಅಂಗಡಿ ಒಂದೂ ಇಲ್ಲ. ಇಂಡಿಯನ್ ಸ್ಟೋರಿಗೆ ಹೋದರೆ ತೊಗರಿಬೇಳೆಯ ಪೊಟ್ಟಣವನ್ನು ಬೆಳಕಿಗೆ ಹಿಡಿಯುತ್ತಾರೆ, ಇಂಗಿನ ಡಬ್ಬಿ ಮೂಸುತ್ತಾರೆ, ಬೆಲ್ಲದ ಅಚ್ಚಿಗೆ ಉಗುರು ಹಾಕುತ್ತಾರೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ಅವರ ಕೆಲಸ. ಮನೆಗೆ ಬಂದ ಮೇಲೂ ಬಿಡುವುದಿಲ್ಲ, ಅಷ್ಟೆ. ಮೊದಲು ಬ್ರಿಸ್ಬೇನಿನ ಫಾರೆಸ್ಟ್ ಲೇಕ್ ಬಡಾವಣೆಯಲ್ಲಿ ಮನೆ ಮಾಡಿದ್ದಾಗ, ಅಲ್ಲಿನ ಕೆರೆ ಜನ ತೋಡಿಸಿದ್ದು ಎಂದು ತಿಳಿದು ಅದರ ಬಾತುಕೋಳಿಗಳ ಮೇಲೂ ಅನುಮಾನಪಟ್ಟರಂತೆ. ಇದನ್ನು ನನಗೆ ಹೇಳಿದವರು ಅವರ ಯಜಮಾನರು ಗುರುದತ್. ಹೇಳುವಾಗ ನಗಲಿಲ್ಲ.

ವಿಕ್ಟೋರಿಯಾ ಪಾರ್ಕ್‌ನಲ್ಲಿರುವ ನನ್ನ ಹಳೆ ಬೆಳ್ಳಿ ಸಾಮಾನಿನ ಅಂಗಡಿಗೆ ಅವರು ಬರುವಾಗ ಕೈಚೀಲದಲ್ಲಿ ಅಯಸ್ಕಾಂತ ಇರುತ್ತದೆ. ಬೆಳ್ಳಿಗೆ ಅದು ಅಂಟಬಾರದಲ್ಲ! ನಾನು ಚಿಕ್ಕಪೇಟೆಯಿಂದ ಬಂದವನು. ಅನುಮಾನಪಡದ ಗಿರಾಕಿ ಬಂದರೆ ನನಗೇ ಅನುಮಾನ.

ಇಂಥವರು ಕಣ್ಣು ಮುಚ್ಚಿ ನಂಬಿದ್ದು ಒಂದನ್ನೇ: ತಾತ ಶಿವರುದ್ರಪ್ಪನವರ ಬೆಳ್ಳಿ ಪದಕ. ತಾತ ಮೈಸೂರಿನ ಪೈಲ್ವಾನರು. ದಸರಾ ಕುಸ್ತಿ ಗೆದ್ದದ್ದಕ್ಕೆ ಮಹಾರಾಜರು ಕೈಯಾರೆ ಕೊಟ್ಟದ್ದು ಎಂದು ಮನೆಮಂದಿಗೆಲ್ಲ ಹೇಳಿದ್ದರು. ಪದಕದ ಮೇಲೆ ಎರಡು ತಲೆಯ ಹಕ್ಕಿ. ಮೈಸೂರಿನವರಿಗೆ ಅದು ಗಂಡಭೇರುಂಡವಲ್ಲದೆ ಇನ್ನೇನು? ಸುತ್ತಲಿನ ಅರ್ಥವಾಗದ ಅಕ್ಷರ ಅರಮನೆಯ ಮೋಡಿ ಲಿಪಿಯಂತೆ. ಪ್ರತಿ ನವರಾತ್ರಿಯಲ್ಲೂ ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯ ಅವರ ಮನೆಯ ಗೊಂಬೆ ಮೆಟ್ಟಿಲಲ್ಲಿ, ಪಟ್ಟದ ಗೊಂಬೆಗಳ ಪಕ್ಕ, ಅದಕ್ಕೊಂದು ಜಾಗ.

೨೦೧೬ರ ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದ ಹೆಂಗಸರ ಎದುರಿಗೇ ಮಗಳು ತನ್ವಿ ಫೋನು ಎತ್ತಿ ತೋರಿಸಿದಳು. "ಅಮ್ಮಾ, ದಟ್ಸ್ ರಷ್ಯನ್. ಲುಕ್, ಸೇಮ್ ಬರ್ಡ್!"

ಮರುದಿನ ಮಧ್ಯಾಹ್ನ ಪದಕ ನನ್ನ ಮೇಜಿನ ಮೇಲಿತ್ತು.

"ಶೆಟ್ರೇ, ಬೆಲೆ ಕೇಳೋಕೆ ಬಂದಿಲ್ಲ. ಇದು ಮೈಸೂರಿಂದು ಅಂತ ಹೇಳ್ಬಿಡಿ, ಹೋಗ್ತೀನಿ."

"ಅಷ್ಟೇ ಆಗಿದ್ರೆ ಫೋನಲ್ಲೇ ಹೇಳ್ಬಿಡ್ತಿದ್ನಲ್ಲಾ ಮೇಡಂ."

ಭೂತಗನ್ನಡಿ ಹಿಡಿದೆ. ಹಕ್ಕಿಯ ಎರಡೂ ತಲೆಗೆ ಕಿರೀಟ. ಒಂದು ಕಾಲಲ್ಲಿ ರಾಜದಂಡ, ಇನ್ನೊಂದರಲ್ಲಿ ಗೋಳ. ಅಕ್ಷರ ರಷ್ಯನ್ನೇ. ತುರ್ಕರ ಮೇಲೆ ರಷ್ಯನ್ನರು ಗೆದ್ದ ಯಾವುದೋ ಯುದ್ಧದ ನೆನಪಿಗೆ ಅಚ್ಚು ಹಾಕಿಸಿದ್ದು. ಇಂಥದನ್ನು ನಾನು ನೋಡಿದ್ದು ಒಂದೇ ಸಲ, ಅಡಿಲೇಡಿನ ಒಂದು ಹರಾಜಿನಲ್ಲಿ, ಗಾಜಿನಾಚೆ. ಬಾಯಲ್ಲಿ ನೀರೂರಿತು, ಮುಖವನ್ನು ಮಾತ್ರ ಸಪ್ಪಗೆ ಮಾಡಿಕೊಂಡೆ. ಕಸುಬಿನ ಅಭ್ಯಾಸ.

"ನಿಮ್ಮ ಮಗಳು ಹೇಳಿದ್ದೇ ಸರಿ."

"ಗೊತ್ತಿತ್ತು! ಮೈಸೂರಿಂದಲ್ಲ ಅಂತ ಹೇಳಿ ಸೋವಿಗೆ ಹೊಡ್ಕೊಳ್ಳೋಣ ಅಂತ ತಾನೆ?"

"ಮೈಸೂರಿಂದಾಗಿದ್ರೇ ಸೋವಿ. ಇದು ಬಹಳ ಅಪರೂಪದ್ದು."

"ಓಹೋ, ಆಸೆ ತೋರ್ಸಿ ಮಾರಿಸೋ ಪ್ಲಾನು."

ಏನು ಹೇಳಿದರೂ ನಾನೇ ಕಳ್ಳ. ಭೂತಗನ್ನಡಿ ಒರೆಸತೊಡಗಿದೆ. ಅವರೇ ಸ್ವಲ್ಪ ತಗ್ಗಿದರು.

"ರಷ್ಯಾದ್ದೇ ಇರ್ಲಿ ಬಿಡಿ. ಅಲ್ಲಿಯೋರು ಯಾರೋ ಮಹಾರಾಜರಿಗೆ ಕೊಟ್ಟಿರ್ತಾರೆ, ಮಹಾರಾಜರು ತಾತಂಗೆ ಕೊಟ್ಟಿರ್ತಾರೆ. ಆಗ್ಬಾರ್ದಾ?"

ಹಕ್ಕಿ ಯಾವ ದೇಶದ್ದಾದರೂ ಅವರಿಗೆ ಚಿಂತೆಯಿರಲಿಲ್ಲ, ತಾತ ಗೆದ್ದಿರಬೇಕಿತ್ತು. ಆಗಬಹುದು ಎನ್ನಲು ಬಾಯಿ ತೆರೆದೆ. ಪದಕ ತಿರುಗಿಸಿದಾಗ ಕೆಳ ಅಂಚಿನಲ್ಲಿ ಸಣ್ಣದೊಂದು ಗೀರು ಕಂಡಿತು. ಅರದ ಗೀರು. ಬೆಳ್ಳಿ ಕೊಳ್ಳುವ ಮುಂಚೆ ಒಳಗೆ ತಾಮ್ರವಿದೆಯೇ ಎಂದು ನೋಡಲು ಅಂಗಡಿಯವರು ಹೀಗೆ ಅಂಚಿಗೆ ಅರ ಎಳೆಯುತ್ತಾರೆ, ನಮ್ಮಪ್ಪನೂ ಎಳೆಯುತ್ತಿದ್ದರು. ಮಹಾರಾಜರು ಕೊಟ್ಟದ್ದಕ್ಕೆ ಯಾರು ಅರ ಹಿಡಿಯುತ್ತಾರೆ?

ತೆರೆದ ಬಾಯಿ ಮುಚ್ಚಿದೆ.

"ಏನದು?"

"ಏನಿಲ್ಲ, ಹಳೇ ಗೀರು."

"ಶೆಟ್ರೇ, ರಿಪೋರ್ಟ್ ಮುಚ್ಚಿಡೋರ ಮುಖ ದಿನಾ ನೋಡ್ತೀನಿ. ಹೇಳಿ."

ಹೇಳಿದೆ. ಇದು ಯಾವುದೋ ಬೆಳ್ಳಿ ಅಂಗಡಿ ಹಾದು ಬಂದ ಮಾಲು, ತಾತ ಅಲ್ಲಿ ಕೊಂಡದ್ದೂ ಇರಬಹುದು ಎಂದೆ. ಜಗಳಕ್ಕೆ ಸಿದ್ಧನಾಗಿ ಕೂತೆ. ಅವರು ಜಗಳವಾಡಲಿಲ್ಲ. ಪದಕವನ್ನು ಕೈಗೆತ್ತಿಕೊಂಡು ಹೆಬ್ಬೆರಳನ್ನು ಆ ಗೀರಿನ ಮೇಲಿಟ್ಟರು.

"ತಾತ ಯಾವಾಗ್ಲೂ ಹೀಗೇ ಹಿಡ್ಕೊಂಡು ತೋರ್ಸೋರು. ನಮ್ಮ ಕೈಗೆ ಕೊಡ್ತಾನೇ ಇರ್ಲಿಲ್ಲ, ಬೆವರು ತಾಗತ್ತೆ ಅನ್ನೋರು. ಅವ್ರು ಹೋದ್ಮೇಲೆ ಗೀರು ನೋಡ್ದೆ. ಅಖಾಡದಲ್ಲಿ ಬಿದ್ದು ಆಗಿರ್ಬೇಕು ಅಂದ್ಕೊಂಡೆ." ಹೆಬ್ಬೆರಳು ಸರಿಸಿ ಗೀರನ್ನು ನೋಡಿದರು. "ಬೆಲ್ಲಕ್ಕೂ ಉಗುರು ಹಾಕೋಳು ನಾನು."

ನನ್ನೊಳಗಿನ ವ್ಯಾಪಾರಿ ಇದೇ ಸಮಯ ಎಂದು ಎದ್ದು ಕೂತ. "ಅಡಿಲೇಡಲ್ಲಿ ಗಿರಾಕಿ ಇದಾರೆ ಮೇಡಂ. ಮನಸ್ಸಿಗೂ ಹಗುರ."

"ಅಲ್ಲಿಗೇ ಬರ್ತೀರ ಅಂತ ಗೊತ್ತಿತ್ತು," ಎಂದು ಪದಕವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೊರಟೇಹೋದರು.

ಮರುವರ್ಷ ಹೆಂಡತಿಯ ಜೊತೆ ನಾನೂ ಗೊಂಬೆ ನೋಡಲು ಹೋದೆ. ಬಾಯಲ್ಲಿ ಉಸಲಿ, ಕಣ್ಣು ಮೆಟ್ಟಿಲ ಮೇಲೆ. ಪದಕ ಪಟ್ಟದ ಗೊಂಬೆಗಳ ಪಕ್ಕದಿಂದ ಕೆಳಗಿಳಿದು, ಮಣ್ಣಿನ ಪೈಲ್ವಾನನೊಬ್ಬನ ಕಾಲ ಬಳಿ ಕೂತಿತ್ತು. ಮಕ್ಕಳು ಮುತ್ತಿಕೊಂಡಾಗ ದಾಕ್ಷಾಯಣಿಯವರು ಅದನ್ನೆತ್ತಿ ತೋರಿಸಿದರು.

"ಇದು ರಷ್ಯಾದ್ದು. ನಮ್ಮ ತಾತ ಕುಸ್ತಿ ಗೆದ್ದಾಗ ಬಂದಿದ್ದು."

ತನ್ವಿ ಅಲ್ಲೇ ಇದ್ದಳು. ಈ ಸಲ ಫೋನು ಎತ್ತಲಿಲ್ಲ. ಅವಳಮ್ಮನ ಹೆಬ್ಬೆರಳು ಪದಕದ ಕೆಳ ಅಂಚನ್ನು ಬಿಗಿಯಾಗಿ ಮುಚ್ಚಿತ್ತು.

"ಒಂದ್ಸಲ ನಮ್ಮ ಕೈಗೂ ಕೊಡ್ತೀರಾ ಮೇಡಂ?" ಎಂದೆ.

"ಕೈಯೆಲ್ಲಾ ಒಗ್ಗರಣೆ ಎಣ್ಣೆ ನಿಮ್ದು. ತೊಳ್ಕೊಂಡ್ ಬನ್ನಿ ಶೆಟ್ರೇ."

ತೊಳೆದುಕೊಂಡು ಬಂದೆ. ಪೈಲ್ವಾನನ ಕಾಲ ಬಳಿ, ಪದಕದ ಜಾಗದಲ್ಲಿ, ಒಂದು ಬಾಳೆಹಣ್ಣು ಇತ್ತು.