ರಸ್ತೆಯಲ್ಲೇ ನಿಂತು ಕೈಮುಗಿದವನನ್ನು ಸ್ವಾಮಿ ಒಳಗೆ ಕರೆಸಿಕೊಂಡದ್ದು

ಕಳೆದ ಶ್ರಾವಣದಲ್ಲಿ ನನ್ನ ಕರುಳಿನಲ್ಲಿ ಗಡ್ಡೆಯಿದೆಯೆಂದು ಆಪರೇಷನ್ ಮಾಡಿ, ಹೊಟ್ಟೆಯ ಎಡಗಡೆ ಮಲ ಹೊರಬರಲು ದಾರಿ ಮಾಡಿದರು. ಅದರ ಮೇಲೆ ಸದಾ ಹತ್ತಿಯ ದಿಂಡು ಇಟ್ಟು ಪಟ್ಟಿ ಕಟ್ಟಿಕೊಳ್ಳಬೇಕು. ಜೀವವೇನೋ ಉಳಿಯಿತು. ಆದರೆ ಅನುಮಾನ ಅಂಟಿಕೊಂಡಿತು.

ನಾನು ನಾಯಂಡಹಳ್ಳಿಯವನು, ಕೆಂಗೇರಿಯ ಶಾಲೆಯಲ್ಲಿ ಮೇಷ್ಟ್ರು. ಶಾಲೆಯಲ್ಲಿ ಯಾರಾದರೂ ಕಿಟಕಿ ತೆರೆದರೆ ನನ್ನ ದೆಸೆಯಿಂದಲೇ ಎನಿಸುತ್ತಿತ್ತು. ಮನೆಯಲ್ಲಿ ಹೆಂಡತಿ ಜಾನಕಿ ಊದುಬತ್ತಿ ಹಚ್ಚಿದರೂ ಕೇಳುತ್ತಿದ್ದೆ:

"ಯಾಕೆ, ನಾತ ಬರ್ತಿದೆಯಾ?"

"ದೇವರ ಮುಂದೆ ದಿನಾ ಹಚ್ಚಲ್ವೇನ್ರೀ?"

ನಂಬುತ್ತಿರಲಿಲ್ಲ. ದಿನಕ್ಕೆ ಐದಾರು ಸಲ ಕಾರ್ಬಾಲಿಕ್ ಸೋಪು ಹಾಕಿ ಉಜ್ಜಿ ತೊಳೆದೆ. ಸುತ್ತಲಿನ ಚರ್ಮ ಸುಲಿದು ನೀರೊಸರಿತು. ಪಟ್ಟಿ ತಾಗಿದರೆ ಪ್ರಾಣ ಹೋಗುವಷ್ಟು ಉರಿ. ಆಸ್ಪತ್ರೆಯವರೇ ಏನೋ ಕೆಡಿಸಿ ಮುಚ್ಚಿಡುತ್ತಿದ್ದಾರೆಂದು ಅಲ್ಲಿಗೂ ಹೋಗಲಿಲ್ಲ. ಮೈಲಿಗೆಯಾದೀತೆಂದು ಊರ ಆಂಜನೇಯಸ್ವಾಮಿಯ ಗುಡಿಯೊಳಗೂ ಕಾಲಿಡಲಿಲ್ಲ. ಒಂದು ಶನಿವಾರ ರಸ್ತೆಯಲ್ಲೇ ನಿಂತು, "ಸ್ವಾಮಿ, ಇದನ್ನು ಒಣಗಿಸು, ಇಲ್ಲವೇ ನನ್ನನ್ನು ಕರೆದುಕೋ" ಎಂದು ಅತ್ತೆ.

ಸೋಮವಾರ ಕೆಂಗೇರಿ ಬಸ್ಸಿನ ಬಾಗಿಲ ಬಳಿ ನಿಂತಿದ್ದಾಗ ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಎದ್ದು ಬಂದರು.

"ಮೇಷ್ಟ್ರೇ, ಗುರ್ತು ಸಿಕ್ತಾ? ವಾರ್ಡಿನಲ್ಲಿ ನಿಮಗೆ ಪಟ್ಟಿ ಕಟ್ತಿದ್ದೆ."

ನರ್ಸಮ್ಮ! "ವಾಸನೆ ಹಿಂದಿನವರೆಗೂ ಬಂತಾ?" ಎಂದೆ.

"ಯಾವ ವಾಸನೆ? ನೀವು ಹೊಟ್ಟೆ ಹಿಡ್ಕೊಂಡು ಬಗ್ಗಿ ನಿಂತಿದ್ರಿ, ಅದಕ್ಕೇ ಬಂದೆ. ಚರ್ಮ ಉರೀತಿದೆ ಅಲ್ವಾ? ಏನ್ ಹಾಕಿ ತೊಳೀತೀರಿ?"

ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

"ಮೊದಲು ಆ ಸೋಪು ಬಿಡಿ. ಬರೀ ಉಗುರುಬೆಚ್ಚಗಿನ ನೀರು ಸಾಕು. ಹಳೇ ಪಂಚೆ ತುಂಡಿನಲ್ಲಿ ಮೆತ್ತಗೆ ಒತ್ತಿ ಒರೆಸಿ, ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಸುತ್ತಲೂ ಜಿಂಕ್ ಮುಲಾಮು ಹಚ್ಚಿ. ದಿಂಡು ಒದ್ದೆಯಾದ ಕೂಡಲೇ ಬದಲಾಯಿಸಿ. ಮುಂದಿನ ವಾರ ವಾರ್ಡಿಗೆ ಬಂದು ತೋರಿಸಿ."

ಸೋಪಿಲ್ಲದೆ ಶುದ್ಧವಾಗುವುದುಂಟೇ? ಆಸ್ಪತ್ರೆಯ ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆಂದೇ ಭಾವಿಸಿದೆ. ಮನೆಗೆ ಬಂದು ಹೇಳಿದರೆ ಜಾನಕಿ ಸೋಪನ್ನು ಹಿತ್ತಲಿಗೆ ಎಸೆದಳು. "ಎಲ್ಲರ ಮೇಲೂ ಅನುಮಾನ ಪಟ್ಟಿದ್ದಾಯ್ತು. ಎಂಟು ದಿನ ಅವರು ಹೇಳಿದ್ ಹಾಗೆ ಮಾಡಿ."

ಮೂರನೆಯ ದಿನ ಉರಿ ತಗ್ಗಿತು. ಎಂಟನೆಯ ದಿನ ಚರ್ಮ ಒಣಗಿ, ತೆಳುವಾಗಿ ಹೊಸ ಪದರ ಕಟ್ಟಿತ್ತು. ವಾರ್ಡಿಗೆ ಹೋದಾಗ ನರ್ಸಮ್ಮ ಬೆರಳಿನಿಂದ ಮುಟ್ಟಿ ನೋಡಿ, "ಗೆದ್ರಿ ಮೇಷ್ಟ್ರೇ" ಎಂದರು.

ಆ ಶನಿವಾರ ಗುಡಿಯ ಮೆಟ್ಟಿಲ ಬಳಿ ಹಿಂದೆಗೆಯುತ್ತಿದ್ದೆ. ಅರ್ಚಕರೇ ಹೊರಗೆ ಬಂದು, "ನಾಲ್ಕು ತಿಂಗಳಿಂದ ಒಳಗೇ ಬರಲಿಲ್ಲ. ನಾನೇನಾದ್ರೂ ತಪ್ಪು ಮಾತಾಡಿದ್ನಾ ಅಂತ ಕೊರಗ್ತಾ ಇದ್ದೆ" ಎಂದರು. ಅವರಿಗೂ ಅನುಮಾನ! ನಾಚಿಕೆ ಬಿಟ್ಟು ಹೊಟ್ಟೆಯ ಸಂಗತಿಯನ್ನೆಲ್ಲ ಹೇಳಿದೆ. ಅವರು ನನ್ನ ಕೈಹಿಡಿದು ಸ್ವಾಮಿಯ ಮುಂದೆ ನಿಲ್ಲಿಸಿದರು.

ಭಕ್ತಬಂಧುಗಳೇ, ನಾನು ಯಾರನ್ನೂ ನಂಬದೆ ಇದ್ದಾಗಲೂ ಸ್ವಾಮಿ ನನ್ನ ಮೊರೆ ಕೇಳಿದ. ಗಾಯ ಬಲ್ಲವರನ್ನೇ ನನ್ನ ಬಳಿ ಕಳಿಸಿದ. ನನ್ನಂಥ ಕಷ್ಟವಿದ್ದವರು ಮುಚ್ಚಿಡಬೇಡಿ, ತೋರಿಸಿ. ಆ ತಾಯಿಯ ಕೈಗಳನ್ನು ಸ್ವಾಮಿ ಚೆನ್ನಾಗಿಟ್ಟಿರಲಿ.